ಕಡವಿನ ಹಲಗೆ

ಬೆಳಿಗ್ಗೆ ಆರಕ್ಕೆ ಹಲಗೆ ಒರೆಸುತ್ತೇನೆ.
ನಿನ್ನೆಯ ಗಾಳಿ ಬಟ್ಟೆಗೆ ಬಿಳಿಯಾಗಿ ಅಂಟುತ್ತದೆ.
ಹಾರಂಗಿಯ ಹಿನ್ನೀರು ಇನ್ನೂ ಮಂಜಿನೊಳಗೆ.
ಆಚೆ ದಡ ಇದೆಯೆಂಬುದಕ್ಕೆ
ಒಂದು ಹುಂಜದ ಕೂಗಷ್ಟೇ ಸಾಕ್ಷಿ.

ಮೀನು ಸಂಘದವರು ಎಳೆದುಕೊಟ್ಟದ್ದು ಮೂರು ಗೆರೆ:
ಗಾಳಿ, ಅಲೆ, ಆಕಾಶ.
ಒಂದೊಂದರ ಮುಂದೂ ಗೇಣು ಜಾಗ.
ತಿಂಗಳಿಗೆ ಮೂರು ಸಾವಿರ, ಸೀಮೆಸುಣ್ಣ ಅವರದೇ.

ಗಾಳಿ ಅಳೆಯಲು ನನ್ನಲ್ಲಿರುವುದು
ಗೂಟದ ತುದಿಗೆ ಬಿಗಿದ ಹಳೇ ರವಿಕೆಯ ತೋಳು.
ಜೋತುಬಿದ್ದರೆ ‘ಇಲ್ಲ’ ಎಂದು ಬರೆಯುತ್ತೇನೆ,
ಅರ್ಧ ಉಬ್ಬಿದರೆ ‘ಇದೆ’.
ಒಳಗೆ ಯಾರದೋ ಕೈ ಇದ್ದ ಹಾಗೆ ನೆಟ್ಟಗೆ ಚಾಚಿ
ಮೂಡಲ ದಡ ತೋರಿಸತೊಡಗಿದರೆ
ಬರೆಯುವುದಿಲ್ಲ, ಕೂಗುತ್ತೇನೆ.

ಅಸೈನಾರ್ ಕಾಕನಿಗೆ ಕನ್ನಡ ಓದು ಬಾರದು.
ಪ್ರಾಯದಲ್ಲಿ ಕಣ್ಣೂರಿನ ಕಡಲು ಕಂಡವರು.
‘ಕಡಲಿನ ಅಲೆ ದೊಡ್ಡ ಮನುಷ್ಯ, ಮೋಳೇ,
ಎತ್ತುತ್ತದೆ, ಇಳಿಸುತ್ತದೆ.
ಇಲ್ಲಿಯದು ಗಿಡ್ಡ, ಸಿಡುಕು,
ಒಂದರ ಬೆನ್ನಿಗೆ ಒಂದು, ಉಸಿರಾಡಲು ಬಿಡುವುದಿಲ್ಲ.
ಅಲೆ ಒಂದೇ ಕಡೆ ಮತ್ತೆ ಮತ್ತೆ ಸೀಳಿದರೆ
ಅಡಿಯಲ್ಲಿ ಮುಳುಗಿದ ಮರ ನಿಂತಿದೆ ಅಂತ ತಿಳಿ.’
ಇಷ್ಟು ಹೇಳಿ ಬೀಡಿ ಹಚ್ಚುತ್ತಾರೆ.
ಹೊಗೆ ಯಾವ ಕಡೆ ಹೋಯಿತೆಂದು ಇಬ್ಬರೂ ನೋಡುತ್ತೇವೆ.

ಮಾರ್ಚಿನಲ್ಲಿ ಮೇಲಿನ ತೋಟದವರು
ಆಕಾಶ ನೋಡುವ ಬಗೆಯೇ ಬೇರೆ.
ಹೂಮಳೆ ಬಿದ್ದ ರಾತ್ರಿ ಫೋನುಗಳಲ್ಲಿ ಒಂದೇ ಪ್ರಶ್ನೆ:
ನಿಮಗೆಷ್ಟು? ನಮಗೆ ಒಂದಿಂಚು ಇಪ್ಪತ್ತು ಸೆಂಟು.
ಅಲೆ ಎಷ್ಟು ಸೆಂಟು ಎಂದು
ಈವರೆಗೆ ಯಾರೂ ಫೋನು ಮಾಡಿಲ್ಲ.

ಆ ದಿನ ಹಲಗೆಯಲ್ಲಿದ್ದದ್ದು
ಗಾಳಿ: ಇಲ್ಲ. ಅಲೆ: ಇಲ್ಲ. ಆಕಾಶ: ಬಿಳಿ.
ಚಾತ ಓದಿದ, ತಲೆಯಾಡಿಸಿದ,
ಬೊಳ್ಳವ್ವನ ತೋಟಕ್ಕೆ ಹೋಗಬೇಕಿದ್ದ
ನಾಲ್ಕು ಜೇನುಪೆಟ್ಟಿಗೆ ಹರಿಗೋಲಿಗೆ ಇಳಿಸಿದ.
ಕಾಫಿ ಹೂ ಬಿಡುವ ಮುಂಚೆ ಜೇನು ಅಲ್ಲಿರಬೇಕು.
ಬಾಗಿಲಿಗೆ ಬಲೆ ಹೊಡೆದ ಪೆಟ್ಟಿಗೆಗಳೊಳಗೆ
ಹುಳುಗಳು ಒಂದೇ ಸಮನೆ ಮೊರೆಯುತ್ತಿದ್ದವು.
ಸೆಕೆಗೆ ಅಂದುಕೊಂಡೆ.

ಎರಡೂ ಹತ್ತಕ್ಕೆ ತೋಳು ಒಮ್ಮೆ ನಡುಗಿತು.
ಎರಡೂ ಹನ್ನೆರಡಕ್ಕೆ ಹರಿಯಿತು.
ಪಡುವಣ ಗುಡ್ಡದಿಂದ ಉರುಳಿದಂತೆ ಬಂದ ಗಾಳಿ
ನೀರನ್ನು ಹಿಂದುಮುಂದಾಗಿ ಉಜ್ಜಿತು,
ನಡುನೀರಲ್ಲಿ ಹರಿಗೋಲು
ಬೀಸುವ ಕಲ್ಲಿನ ಹಾಗೆ ಸುತ್ತುವುದು ಕಂಡಿತು,
ಆಮೇಲೆ ಮಳೆಯಷ್ಟೇ ಕಂಡಿತು.
ನಾನು ಕೂಗಿದೆ.
ಕೂಗು ನನ್ನ ಬಾಯಿಗೇ ವಾಪಸು ಬಂತು.

ರಾತ್ರಿ ಎಂಟಕ್ಕೆ ದಡವೆಲ್ಲ ಬಳಸಿಕೊಂಡು
ನಡೆದೇ ಬಂದ ಚಾತ,
ಹೆಗಲ ಮೇಲೆ ಹುಟ್ಟು ಮಾತ್ರ.
ಬೈಯಲಿಲ್ಲ. ಚಹಾ ಕೇಳಿದ.
‘ನಿನ್ನ ಹಲಗೆ ಸರಿಯಾಗೇ ಇತ್ತು,
ಬೆಳಿಗ್ಗೆಗೆ’ ಅಂದ.

ಮೇಲೆ ತೊಂಬತ್ತು ಸೆಂಟು ಬಿದ್ದಿತ್ತಂತೆ.
ಬೊಳ್ಳವ್ವನ ಮನೆಯಲ್ಲಿ ಪಾಯಸ.
ಮೂರನೇ ದಿನ ಒಂದು ಪೆಟ್ಟಿಗೆ
ಮುಳುಗಿದ ಮರದ ಕೊಂಬೆಗೆ ಸಿಕ್ಕಿಕೊಂಡದ್ದು ಕಂಡಿತು.
ಕಾಕ ಕಿವಿಯಿಟ್ಟು ಕೇಳಿ
ಒಂದು ಬೆರಳು ಎತ್ತಿ ತೋರಿಸಿದರು:
ಇದೆ, ಸ್ವಲ್ಪ.

ಒಂಬತ್ತನೇ ದಿನ ಗುಡ್ಡವೆಲ್ಲ ಬಿಳಿ.
ಇರುಳಲ್ಲಿ ಹೂವಿನ ವಾಸನೆ ನೀರಿಗಿಳಿದು
ನನ್ನ ಗುಡಿಸಲಿನ ತನಕ ಬಂತು.
ತೋಳು ಅಲುಗದೇ ಇದ್ದಾಗಲೂ
ಗಾಳಿ ಇತ್ತು ಹಾಗಾದರೆ.

ಮರುದಿನ ನಾನೇ ನಾಲ್ಕನೆಯ ಗೆರೆ ಎಳೆದೆ:
‘ಎಷ್ಟು ಹೊತ್ತಿನ ತನಕ’.
ಅದರ ಮುಂದೆ ಬರೆದೆ, ‘ಗೊತ್ತಿಲ್ಲ’.
ಸಂಘದ ಕಾರ್ಯದರ್ಶಿ ಬೈಕು ನಿಲ್ಲಿಸಿ ರೇಗಿದರು,
ಗೊತ್ತಿಲ್ಲ ಅಂತ ಬರೆಯುವುದಕ್ಕೆ ಸಂಬಳವೇ?
ಒರೆಸಿ ಹೋದರು. ಮತ್ತೆ ಬರೆದೆ.

ಕಾಕ ಹಲಗೆಯ ಮುಂದೆ ಮೊದಲ ಸಲ ನಿಂತರು.
‘ಈ ಹೊಸತು ಏನು?’
ಓದಿ ಹೇಳಿದೆ.
ಏನೂ ಅನ್ನದೆ ಇಳಿದುಹೋಗಿ
ತಮ್ಮ ಹರಿಗೋಲನ್ನು ಇನ್ನೊಂದು ಮಾರು
ಮೇಲಕ್ಕೆ ಎಳೆದು ಕಟ್ಟಿದರು.